ಅನುಗ್ರಹವೂ ಅಧಿಕಾರವೂ

1789ರಲ್ಲಿ ಫ್ರಾನ್ಸಿನ ಜನತೆ ನಿರಂಕುಶ ಪ್ರಭುತ್ವವನ್ನು ಮುರಿದು ಮಾನವನ ಹಕ್ಕುಗಳನ್ನು ಘೋಷಿಸಿತು. ಅಲ್ಲಿ ಜನ ಅನ್ನವಿಲ್ಲದೆ ಬಳಲಿದ್ದರು. ಮಂಡ್ಯದ ಗದ್ದೆಗಳಿಗಾದರೋ ನಾಲ್ವಡಿ ಕೃಷ್ಣರಾಜ ಒಡೆಯರು ಕಾವೇರಿಯನ್ನೇ ಹರಿಸಿದ್ದರು. ಆದರೂ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸಹಸ್ರಾರು ಜನರು ಟಿ. ಸಿದ್ದಲಿಂಗಯ್ಯನವರ ನಾಯಕತ್ವದಲ್ಲಿ, ನಿಷೇಧಾಜ್ಞೆಯನ್ನು ಮೀರಿ ತ್ರಿವರ್ಣಧ್ವಜಕ್ಕಾಗಿ ನಿಂತರು. ಇದು ಕೃತಘ್ನತೆಯೆ? ಅಲ್ಲ. ‘ಪ್ರಜಾ’ ಶಬ್ದಕ್ಕೆ ಸಂತಾನವೆಂಬುದು ಮೂಲಾರ್ಥ. ತಂದೆ ಎಷ್ಟೇ ವತ್ಸಲನಾಗಿರಲಿ, ಬೆಳೆದ ಮಗನು ಮನೆಯ ಹೊಣೆಯನ್ನು ಕೇಳುವುದು ಧರ್ಮವೇ ಸರಿ. ಅನುಗ್ರಹವಾಗಿ ಬಂದುದು ಕೊಟ್ಟವರ ಮನಸ್ಸನ್ನು ಅವಲಂಬಿಸಿರುತ್ತದೆ. ಹಕ್ಕಾಗಿ ಬಂದುದು ಹಾಗಲ್ಲ. 1947ರ ಅಕ್ಟೋಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಜವಾಬ್ದಾರಿ ಸರ್ಕಾರ ಬಂದಿತು. ಹೀಗೆ ಪಡೆದ ಅಧಿಕಾರವನ್ನು ಮರೆತು, ಆಳುವವರ ಮುಂದೆ ಇಂದಿಗೂ ಕೈಕಟ್ಟಿ ವರ ಬೇಡುವುದು ಶಿವಪುರದ ವಾರಸುದಾರರಿಗೆ ಒಪ್ಪುವುದಿಲ್ಲ. ಹಕ್ಕನ್ನು ಕೇಳುವ ಧೈರ್ಯವನ್ನೂ ಹೊಣೆಯನ್ನು ಹೊರುವ ಶೀಲವನ್ನೂ ಮಕ್ಕಳಲ್ಲಿ ಬೆಳೆಸುವುದೇ ವಿದ್ಯಾಲಯಗಳ ನಿಜವಾದ ಧ್ವಜಾರೋಹಣ.