ಒಂದು ವಾರ ಹಬ್ಬ, ಮೂರು ವಾರ ಉಪವಾಸ

ರಾಯದುರ್ಗದ ಕಡೆಯ ನಮ್ಮ ಹಳೆಯ ಚಂದಾದಾರರೊಬ್ಬರು ಕಳೆದ ತಿಂಗಳು ಬರೆದ ಕಾಗದದಲ್ಲಿ, ಈ ಅಂಕಣಕ್ಕೆ ಇದುವರೆಗೆ ಬಾರದಿದ್ದಂಥ ಪ್ರಶ್ನೆಯೊಂದನ್ನು ಕೇಳಿದ್ದಾರೆ. ಅವರ ಮೊಮ್ಮಗ ಅಮೆರಿಕದ ಡಲ್ಲಾಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಕಚೇರಿಯ ಹನ್ನೆರಡು ಮಂದಿ ಕೂಡಿ ಫ್ಯಾಂಟಸಿ ಫುಟ್‌ಬಾಲ್ ಎಂಬ ಆಟವನ್ನು ಆಡುತ್ತಾರಂತೆ. ಈ ಹುಡುಗನ ಪಾಲಿಗೆ ಬಂದ ಆಟಗಾರರಲ್ಲಿ ಒಬ್ಬನು ಒಂದು ವಾರ ರಾಶಿ ರಾಶಿ ಅಂಕ ತಂದುಕೊಡುತ್ತಾನೆ, ಮುಂದಿನ ಮೂರು ವಾರ ಬರಿಗೈಯಲ್ಲಿ ಬರುತ್ತಾನೆ. "ಇವನನ್ನು ಇಟ್ಟುಕೊಳ್ಳಲೋ, ಬಿಡಲೋ, ನೀನೇ ಹೇಳು ತಾತ" ಎಂದು ಮೊಮ್ಮಗ ದೂರವಾಣಿಯಲ್ಲಿ ಕೇಳಿದನಂತೆ.

"ನನಗೆ ಆ ಆಟವೂ ತಿಳಿಯದು, ಆಟಗಾರನೂ ತಿಳಿಯದು. ಆದರೆ ಆ ಹುಡುಗ ನನ್ನೊಡನೆ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡುವುದು ಈ ಒಂದು ವಿಷಯ ಬಂದಾಗ ಮಾತ್ರ. ಉಳಿದ ದಿನ 'ಊಟ ಆಯಿತೇ, ಮೈಗೆ ಹುಷಾರಿದೆಯೇ' ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಆದುದರಿಂದ ಅವನಿಗೆ ಅರ್ಥವುಳ್ಳ ಒಂದು ಮಾತು ಹೇಳಬೇಕೆಂದಿದ್ದೇನೆ. ಇದು ಜೂಜೇನೋ ಎಂಬ ಭಯವೂ ಇದೆ" ಎಂದು ಹಿರಿಯರು ಬರೆದಿದ್ದಾರೆ. ಇಂಥ ಕಾಗದಕ್ಕೆ ಉತ್ತರಿಸದಿರುವುದು ಹೇಗೆ? ನಮಗೆ ತಿಳಿದಷ್ಟನ್ನು ಹೇಳುತ್ತೇವೆ.

ಅಮೆರಿಕದವರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲೇ ಹಿಡಿದು ಆಡುವ ಆಟ ಅದು. ಪಕ್ಷಕ್ಕೆ ಹನ್ನೊಂದು ಮಂದಿ. ನೂರು ಗಜದ ಬಯಲು. ಚೆಂಡನ್ನು ಹೊಂದಿದ ಪಕ್ಷಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು. ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಅದು ಟಚ್‌ಡೌನ್, ಅದಕ್ಕೆ ಆರು ಅಂಕ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಬಯಲಿನ ಅಂಚಿನಲ್ಲಿ ನಿಂತು, ಕಾವಲಿಗನನ್ನು ತಪ್ಪಿಸಿ ಓಡಿ, ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಹಿರಿಯರ ಮೊಮ್ಮಗನಿಗೆ ತಲೆನೋವಾಗಿರುವ ಆಟಗಾರ ಈ ಕೊನೆಯ ಬಗೆಯವನು.

ಫ್ಯಾಂಟಸಿ ಫುಟ್‌ಬಾಲ್ ಎಂಬುದು ಈ ನಿಜವಾದ ಆಟದ ನೆರಳು. 1962ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್ ಎಂಬವರು, ತಂಡದೊಡನೆ ನ್ಯೂಯಾರ್ಕಿಗೆ ಹೋಗಿದ್ದಾಗ, ಜೊತೆಗಾರರೊಡನೆ ಹೋಟೆಲಿನಲ್ಲಿ ಕುಳಿತು ಇದರ ನಿಯಮಗಳನ್ನು ರಚಿಸಿದರು. 1963ರಲ್ಲಿ ಎಂಟು ತಂಡಗಳೊಡನೆ ಮೊದಲ ಆಟ ನಡೆಯಿತು. ಆಡುವವರು ಬೇರೆ ಬೇರೆ ನಿಜ ತಂಡಗಳಿಂದ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಂಡು ಕಾಗದದ ಮೇಲೆ ತಮ್ಮದೊಂದು ತಂಡವನ್ನು ಕಟ್ಟುತ್ತಾರೆ. ಬಯಲಿನಲ್ಲಿ ಆ ಆಟಗಾರ ಮಾಡಿದ್ದು ಇವರ ಲೆಕ್ಕಕ್ಕೆ ಜಮೆಯಾಗುತ್ತದೆ. ಸಾಮಾನ್ಯವಾಗಿ ಹತ್ತು ಗಜಕ್ಕೆ ಒಂದು ಅಂಕ, ಟಚ್‌ಡೌನಿಗೆ ಆರು. ಹಲವು ಕೂಟಗಳಲ್ಲಿ ಹಿಡಿದ ಪ್ರತಿಯೊಂದು ಚೆಂಡಿಗೂ ಒಂದು ಅಂಕ. ವಾರಕ್ಕೊಮ್ಮೆ ಇಬ್ಬಿಬ್ಬರ ನಡುವೆ ಸ್ಪರ್ಧೆ. ಡಿಸೆಂಬರಿನಲ್ಲಿ, ಮುಂದಿದ್ದವರ ನಡುವೆ ಕೊನೆಯ ಸುತ್ತುಗಳು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಏರಿಳಿತದ ಆಟಗಾರನ ಬೆಲೆಯನ್ನು ಕಟ್ಟುವುದು ಹೇಗೆ? ಎಲ್ಲರೂ ಮೊದಲು ನೋಡುವುದು ಸರಾಸರಿಯನ್ನು. ಆದರೆ ಸರಾಸರಿಯ ಮಾತನ್ನು ಎಷ್ಟು ನಂಬಬೇಕೆಂಬುದು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾದದ್ದಲ್ಲ. ಅನಂತಪುರದ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರು ಎಂದು ಲೆಕ್ಕದ ಪುಸ್ತಕ ಹೇಳುತ್ತದೆ. ಅದರ ಬಹುಪಾಲು ನಾಲ್ಕು ದಿನದಲ್ಲಿ ಸುರಿದು ಹಳ್ಳ ಸೇರಿ, ಕಡಲೆಕಾಯಿ ಕಾಯಿಕಟ್ಟುವ ಹೊತ್ತಿಗೆ ಒಂದು ಹನಿಯೂ ಬೀಳದಿದ್ದರೆ, ಪುಸ್ತಕದ ಸರಾಸರಿ ಸರಿಯಾಗಿಯೇ ಇರುತ್ತದೆ. ಹೊಲ ಮಾತ್ರ ಒಣಗಿರುತ್ತದೆ.

ಇದೇ ಮಾತನ್ನು ಆಟದಲ್ಲಿ ತೋರಿಸಲು ಅಮಾರಿ ಕೂಪರ್ ಎಂಬ ವೈಡ್ ರಿಸೀವರನ ಉದಾಹರಣೆಯನ್ನು ಕೊಡುತ್ತೇವೆ. 2015ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ತಂಡ ಇವರನ್ನು ನಾಲ್ಕನೆಯ ಆಯ್ಕೆಯಾಗಿ ತೆಗೆದುಕೊಂಡಿತು. 2018ರಲ್ಲಿ ಆ ತಂಡದ ಪರವಾಗಿ ಆಡಿದ ಆರು ಪಂದ್ಯಗಳಲ್ಲಿ ಅವರು ಕ್ರಮವಾಗಿ ಹಿಡಿದ ಚೆಂಡುಗಳು 1, 10, 2, 8, 1, 0. ಗಜಗಳು 9, 116, 17, 128, 10, 0. ಒಂದು ಟಚ್‌ಡೌನ್ ಬಂದದ್ದು ನಾಲ್ಕನೆಯ ಪಂದ್ಯದಲ್ಲಿ. ಹಿಡಿತಕ್ಕೊಂದು ಅಂಕದ ಲೆಕ್ಕದಲ್ಲಿ ಇದನ್ನು ಬರೆದರೆ 1.9, 21.6, 3.7, 26.8, 2.0, 0. ಒಟ್ಟು 56, ಸರಾಸರಿ ಒಂಬತ್ತಕ್ಕಿಂತ ತುಸು ಹೆಚ್ಚು. ಆದರೆ ಓದುಗರೇ ನೋಡಿರಿ, ಆರು ಪಂದ್ಯಗಳಲ್ಲಿ ಒಂದರಲ್ಲಿಯೂ ಅವರು ಒಂಬತ್ತರ ಹತ್ತಿರಕ್ಕೂ ಬಂದಿಲ್ಲ. ಒಂಬತ್ತು ಅಂಕದ ಕೂಪರ್ ಎಂಬ ಮನುಷ್ಯ ಲೆಕ್ಕದಲ್ಲಿದ್ದನೇ ಹೊರತು ಬಯಲಿನಲ್ಲಿರಲಿಲ್ಲ.

ಹಾಗಾದರೆ ಸರಾಸರಿಯನ್ನು ಬಿಟ್ಟು ನೋಡಬೇಕಾದದ್ದೇನು? ಮೊದಲನೆಯದಾಗಿ, ಏರಿಳಿತದ ಕಾರಣ. ವೈಡ್ ರಿಸೀವರ್ ತನ್ನ ಕೆಲಸವನ್ನು ತಾನೊಬ್ಬನೇ ಮಾಡಲಾರ. ಎಸೆಯುವವನು ಸರಿಯಾಗಿ ಎಸೆಯಬೇಕು. ಎಸೆಯಲು ಬೇಕಾದ ಎರಡು ಮೂರು ಕ್ಷಣ ಮುಂದಿನ ಸಾಲಿನವರು ತಡೆದು ನಿಲ್ಲಬೇಕು. ಎದುರಾಳಿ ಇವನೊಬ್ಬನ ಮೇಲೆ ಇಬ್ಬರನ್ನು ಬಿಡದಿರಬೇಕು. ಗಾಳಿ ಮಳೆಗಳು ಕೆಡಿಸದಿರಬೇಕು. ಇಷ್ಟೆಲ್ಲ ಕೂಡಿಬಂದರೂ ಒಂದು ಪಂದ್ಯದಲ್ಲಿ ಅವನತ್ತ ಬರುವುದು ಕೆಲವೇ ಚೆಂಡುಗಳು. ಅದರಲ್ಲಿ ಒಂದೇ ಒಂದು ಅರವತ್ತು ಗಜದ ಚೆಂಡು ಬೆರಳ ತುದಿಯಲ್ಲಿ ಜಾರಿದರೆ ಆ ವಾರದ ಹಬ್ಬ ಉಪವಾಸವಾಗುತ್ತದೆ.

ಆದುದರಿಂದ ಅಂಕವನ್ನು ಎಣಿಸುವ ಮೊದಲು ಅವಕಾಶವನ್ನು ಎಣಿಸಬೇಕು. ಆಟಗಾರ ಬಹುಪಾಲು ಹೊತ್ತು ಬಯಲಿನಲ್ಲಿದ್ದಾನೆಯೇ? ಚೆಂಡು ಅವನತ್ತ ಎಸೆಯಲ್ಪಡುತ್ತಿದೆಯೇ? ಎರಡಕ್ಕೂ ಹೌದೆಂದಾದರೆ ಬರಿಗೈಯ ವಾರಗಳು ಬಹುತೇಕ ಅದೃಷ್ಟದ ಆಟ, ಕಾಯಬಹುದು. ಚೆಂಡೇ ಬರುತ್ತಿಲ್ಲವೆಂದಾದರೆ ಒಂದು ವಾರದ ರಾಶಿಯನ್ನು ನೆನೆದು ಕಾಯುವುದು, ಬತ್ತಿದ ಬಾವಿಗೆ ಕೊಡ ಇಳಿಸಿದಂತೆ. ಇನ್ನು ಕೆಲವರ ಕೆಲಸವೇ ದೂರದ ಚೆಂಡಿಗೆ ಓಡುವುದು. ಅಂಥವರ ಏರಿಳಿತ ಅವರ ದೋಷವಲ್ಲ, ವೃತ್ತಿಯ ಸ್ವಭಾವ. ಹತ್ತಿರದ ಚೆಂಡನ್ನು ಹಿಡಿಯುವವನ ನಿಯಮಿತತನವನ್ನು ಅವರಲ್ಲಿ ಹುಡುಕಬಾರದು.

ಕೂಪರ್ ಅವರ ವಿಷಯದಲ್ಲಿ ಇದು ಕೆಲವೇ ವಾರಗಳಲ್ಲಿ ಕಣ್ಣಿಗೆ ಕಂಡಿತು. 2018ರ ಅಕ್ಟೋಬರಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ, ಮುಂದಿನ ವರ್ಷದ ತನ್ನ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನು ಕೊಟ್ಟು ಅವರನ್ನು ತೆಗೆದುಕೊಂಡಿತು. ಇದು ಅತಿಯಾದ ಬೆಲೆಯೆಂದು ಬಹಳ ಮಂದಿ ನಕ್ಕರು. ಓಕ್‌ಲ್ಯಾಂಡಿನಲ್ಲಿ ಆರು ಪಂದ್ಯಗಳಲ್ಲಿ 22 ಚೆಂಡು ಹಿಡಿದಿದ್ದ ಅದೇ ಮನುಷ್ಯ ಡಲ್ಲಾಸಿನಲ್ಲಿ ಒಂಬತ್ತು ಪಂದ್ಯಗಳಲ್ಲಿ 53 ಚೆಂಡು ಹಿಡಿದರು. ಕೈ ಅದೇ, ಕಾಲು ಅದೇ, ಬದಲಾದದ್ದು ಅವಕಾಶ. ಆಗ ಮೂರು ಗೆದ್ದು ನಾಲ್ಕು ಸೋತಿದ್ದ ಡಲ್ಲಾಸ್, ಕೊನೆಗೆ ಹತ್ತು ಗೆದ್ದು ಆರು ಸೋತು ತನ್ನ ವಿಭಾಗದಲ್ಲಿ ಮೊದಲನೆಯದಾಯಿತು.

ಎರಡನೆಯದಾಗಿ ನೋಡಬೇಕಾದದ್ದು, ಆ ವಾರ ನಮಗೆ ಬೇಕಾದದ್ದೇನು ಎಂಬುದನ್ನು. ಒಬ್ಬನು ಪ್ರತಿ ವಾರವೂ ತಪ್ಪದೆ ಹತ್ತು ಅಂಕ ತರುತ್ತಾನೆ. ಇನ್ನೊಬ್ಬನು ಒಂದು ವಾರ 25, ಉಳಿದೆರಡು ವಾರ ಎರಡೂವರೆ ತರುತ್ತಾನೆ. ಇಬ್ಬರ ಸರಾಸರಿಯೂ ಹತ್ತೇ. ಗೆಲ್ಲಲು ಇನ್ನು ಎಂಟು ಅಂಕ ಸಾಕೆಂದಿದ್ದರೆ ಮೊದಲನೆಯವನು ಪ್ರತಿ ಸಲವೂ ಗೆಲ್ಲಿಸುತ್ತಾನೆ. ಎರಡನೆಯವನು ಮೂರರಲ್ಲಿ ಎರಡು ಸಲ ಸೋಲಿಸುತ್ತಾನೆ. ಹದಿನೈದು ಅಂಕ ಬೇಕೆಂದಿದ್ದರೆ ಮೊದಲನೆಯವನಿಂದ ಸೋಲು ಖಂಡಿತ. ಎರಡನೆಯವನಿಂದ ಮೂರಕ್ಕೊಂದು ಸಲವಾದರೂ ಗೆಲುವುಂಟು. ಎಂದರೆ ಬಲವಾದ ತಂಡವುಳ್ಳವನಿಗೆ ನಿಯಮಿತನು ಬೇಕು, ದುರ್ಬಲನಿಗೆ ಏರಿಳಿತದವನು ಬೇಕು.

ಇಲ್ಲಿ ಹೊಲದ ನ್ಯಾಯ ಬೇರೆ, ಆಟದ ನ್ಯಾಯ ಬೇರೆ ಎಂಬುದನ್ನು ನಮ್ಮ ಹಿರಿಯರು ಗಮನಿಸಬೇಕು. ಬಡ ರೈತ ಇರುವ ಬಿತ್ತನೆಬೀಜವನ್ನೆಲ್ಲ ಅದೃಷ್ಟಕ್ಕೆ ಒಡ್ಡಿದರೆ ಮನೆ ಮುಳುಗುತ್ತದೆ. ಈ ಆಟದಲ್ಲಾದರೋ ಒಂದು ಅಂಕದಿಂದ ಸೋತರೂ ಸೋಲೇ, ಐವತ್ತು ಅಂಕದಿಂದ ಸೋತರೂ ಅಷ್ಟೇ ಸೋಲು. ಹೇಗೂ ಹಿಂದಿರುವವನಿಗೆ ಸಾಹಸದಿಂದ ಹೆಚ್ಚಿನ ನಷ್ಟವಿಲ್ಲ. ಮೊಮ್ಮಗನು ತನ್ನ ಕೂಟದ ಹನ್ನೆರಡರಲ್ಲಿ ಎರಡನೆಯವನೋ ಹತ್ತನೆಯವನೋ ಎಂಬುದನ್ನು ತಾತನವರು ಮೊದಲು ಕೇಳಲಿ.

ಮೂರನೆಯದು, ಕೊಟ್ಟ ಬೆಲೆ. ಕೂಪರ್ ಅವರಿಗೆ 2020ರಲ್ಲಿ ಡಲ್ಲಾಸ್ ಐದು ವರ್ಷಕ್ಕೆ ಹತ್ತು ಕೋಟಿ ಡಾಲರಿನ ಒಪ್ಪಂದವನ್ನು ಕೊಟ್ಟಿತು. ಎರಡೇ ವರ್ಷದಲ್ಲಿ, 2022ರ ಮಾರ್ಚಿನಲ್ಲಿ, ಆ ಸಂಬಳ ಭಾರವೆನಿಸಿ, ಐದನೆಯ ಸುತ್ತಿನ ಒಂದು ಆಯ್ಕೆಗೂ ಆರನೆಯ ಸುತ್ತಿನ ಅದಲುಬದಲಿಗೂ ಅವರನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಮೊದಲ ಸುತ್ತಿನ ಮನುಷ್ಯ ಐದನೆಯ ಸುತ್ತಿಗೆ ಇಳಿದ. ಹಾಗೆಂದು ಅವರ ಆಟ ಇಳಿದಿತ್ತೇ? ಕ್ಲೀವ್‌ಲ್ಯಾಂಡಿನಲ್ಲಿ ಅವರು 2022ರಲ್ಲಿ 1160 ಗಜ, 2023ರಲ್ಲಿ 1250 ಗಜ ಗಳಿಸಿದರು. ಏರಿಳಿತದವನನ್ನು ಅಗ್ಗವಾಗಿ ಕೊಂಡವನು ಬರಿಗೈಯ ವಾರಗಳನ್ನು ಸಹಿಸಬಲ್ಲ. ದುಬಾರಿಯಾಗಿ ಕೊಂಡವನಿಗೆ ಪ್ರತಿ ವಾರವೂ ನಿದ್ದೆಗೇಡು. ಹಬ್ಬದ ಮರುದಿನ ಬೆಲೆ ಏರಿರುತ್ತದೆ. ಮಾರುವವನು ಆಗ ಮಾರಬೇಕು. ಉಪವಾಸದ ಮೂರನೆಯ ವಾರ ಬೆಲೆ ಇಳಿದಿರುತ್ತದೆ. ಅವಕಾಶ ಕುಗ್ಗಿಲ್ಲದಿದ್ದರೆ ಕೊಳ್ಳುವವನು ಆಗ ಕೊಳ್ಳಬೇಕು. ಇದು ಕಡಲೆಕಾಯಿ ಮಂಡಿಯಲ್ಲಿ ಕುಳಿತವರಿಗೆ ಹೊಸ ಮಾತಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಕೊನೆಯ ಮಾತು ನಮ್ಮ ಕೈಯಲ್ಲಿಲ್ಲ. 2018ರ ಡಿಸೆಂಬರ್ 9ರಂದು ಫಿಲಡೆಲ್ಫಿಯಾದ ಎದುರು ಕೂಪರ್ 10 ಚೆಂಡು ಹಿಡಿದು 217 ಗಜ, ಮೂರು ಟಚ್‌ಡೌನ್ ಗಳಿಸಿದರು. ಮೂರನೆಯದು, ಹೆಚ್ಚುವರಿ ಸಮಯದಲ್ಲಿ, ಎದುರಾಳಿಯ ಕೈಗೆ ತಗುಲಿ ಮೇಲಕ್ಕೆ ಚಿಮ್ಮಿದ ಚೆಂಡು ಇವರ ಕೈಗೆ ಬಂದು ಆದದ್ದು. ಹಿಡಿತದ ಲೆಕ್ಕದಲ್ಲಿ ಅದು 49.7 ಅಂಕ. ಅನೇಕ ಕೂಟಗಳಲ್ಲಿ ಅದು ಕೊನೆಯ ಸುತ್ತುಗಳ ಮೊದಲ ವಾರ. ಅವರನ್ನು ನಂಬಿದವರು ಹಿಗ್ಗಿದರು. ಮುಂದಿನ ವಾರ ಡಲ್ಲಾಸ್ ತಂಡವೇ ಒಂದು ಅಂಕವನ್ನೂ ಗಳಿಸದೆ ಸೋತಿತು; ಕೂಪರ್ ಗಳಿಸಿದ್ದು 32 ಗಜ. ಅದರ ಮುಂದಿನ ವಾರ 20 ಗಜ. ಹಿಗ್ಗಿದವರೇ ತಲೆಯ ಮೇಲೆ ಕೈಹೊತ್ತರು. 2023ರ ಡಿಸೆಂಬರ್ 24ರಂದು 265 ಗಜ ಗಳಿಸಿ ಕ್ಲೀವ್‌ಲ್ಯಾಂಡ್ ತಂಡದ ದಾಖಲೆಯನ್ನೇ ಮುರಿದರು. ನಾಲ್ಕು ದಿನದ ಮೇಲೆ ನಡೆದ ಪಂದ್ಯಕ್ಕೆ, ಪೆಟ್ಟಿನ ನಿಮಿತ್ತ, ಬಯಲಿಗೇ ಇಳಿಯಲಿಲ್ಲ. ಇಂಥ ಕೂಪರ್ 2025ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸಾವಿರ ಗಜ ಮೀರಿದ ವರ್ಷಗಳನ್ನು ಏಳು ಕಂಡಿದ್ದರು. ವಾರವಾರದ ಲೆಕ್ಕದಲ್ಲಿ ನಂಬಲಾರದವನು ವರ್ಷದ ಲೆಕ್ಕದಲ್ಲಿ ನಂಬಿಕಸ್ಥನೇ ಆಗಿದ್ದ. ಅಳೆಯುವ ಕೋಲು ಯಾವುದೆಂಬುದರ ಮೇಲೆ ಮನುಷ್ಯನ ಹೆಸರು ನಿಲ್ಲುತ್ತದೆ.

ಇನ್ನು ಜೂಜಿನ ಭಯ. ಅಮೆರಿಕದಲ್ಲಿ ಗೆಳೆಯರ ಕೂಟಗಳು ವರ್ಷಾರಂಭದಲ್ಲಿ ಸಣ್ಣ ಮೊತ್ತ ಕೂಡಿಸುವುದುಂಟು, ಬರಿಯ ಗೌರವಕ್ಕಾಗಿ ಆಡುವುದೂ ಉಂಟು. ನಮ್ಮ ದೇಶದಲ್ಲಾದರೆ, 2025ರ ಆಗಸ್ಟಿನಲ್ಲಿ ಬಂದ ಕಾಯಿದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಹಣದ ಫ್ಯಾಂಟಸಿ ಆಟಗಳೂ ಅದರೊಳಗೆ ಬಂದವು. ಮೊಮ್ಮಗನನ್ನು ತಾತನವರು ಬೈಯದೆ ನೇರವಾಗಿ ಕೇಳಲಿ: "ಎಷ್ಟು ಕಟ್ಟಿದ್ದೀಯಪ್ಪಾ?" ಹೋದರೂ ಚಿಂತೆಯಿಲ್ಲದಷ್ಟಾದರೆ ಆಟ, ಹೋದದ್ದನ್ನು ಮರಳಿ ಗಳಿಸಲು ಮತ್ತೆ ಕಟ್ಟುವ ಚಟ ಕಂಡರೆ ಎಚ್ಚರಿಸಬೇಕು.

ಹಿರಿಯರಿಗೆ ನಮ್ಮ ಉತ್ತರ ಇಷ್ಟೇ. "ಇಟ್ಟುಕೋ" ಎಂದೂ "ಬಿಡು" ಎಂದೂ ತಾವು ಹೇಳಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿರಿ: ಚೆಂಡು ಅವನತ್ತ ಬರುತ್ತಿದೆಯೇ? ಈ ವಾರ ನಿನಗೆ ಎಷ್ಟು ಬೇಕು? ಅವನಿಗೆ ನೀನು ಏನು ಕೊಟ್ಟೆ? ಉತ್ತರ ಹೇಳಲು ಆ ಹುಡುಗನಿಗೆ ಅರ್ಧ ಗಂಟೆಗೂ ಹೆಚ್ಚು ಬೇಕಾದೀತು. ಅಲ್ಲಿಯ ಭಾನುವಾರದ ಪಂದ್ಯಗಳು ಮುಗಿಯುವಾಗ ನಮ್ಮಲ್ಲಿ ಸೋಮವಾರದ ಬೆಳಗು. ಕಾಫಿಯ ಹೊತ್ತಿಗೆ ಕರೆ ಬಂದರೆ ಒಳ್ಳೆಯದು. ಬಾರದ ವಾರವೂ ಇದ್ದೀತು. ಆಗ ತಾವೇ ಕರೆಮಾಡಿ, ಆ ಆಟಗಾರ ಎಷ್ಟು ಗಜ ಓಡಿದನೆಂದು ವಿಚಾರಿಸಿರಿ.