ಆಡು ಮುಟ್ಟಿದ್ದೆಲ್ಲ ಆಡು ತಿಂದದ್ದಲ್ಲ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಪುಣೆಯ ನೌಕರಿ ಬಿಟ್ಟು ಬಂದು, ಹೂವಿನ ಹಿಪ್ಪರಗಿಯ ತನ್ನ ಹೊಲದಲ್ಲಿ ಐವತ್ತು ಆಡುಗಳನ್ನು ಹೊರಗೆ ಮೇಯಲು ಬಿಡದೆ ಕೊಟ್ಟಿಗೆಯಲ್ಲಿಯೇ ಸಾಕಬೇಕೆಂದು ಹೊರಟಿದ್ದಾನೆ. "ಸರ, ಐವತ್ತು ಆಡಿಗೆ ದಿನಕ್ಕ ಎಷ್ಟು ಮೇವು ಬೇಕಾಗತೈತ್ರಿ? ನೀವು ಲೆಕ್ಕದ ಮಾಸ್ತರು, ಒಂದು ಲೆಕ್ಕ ಹಾಕಿ ಕೊಡ್ರಿ" ಎಂದ. ಲೆಕ್ಕವನ್ನೇನೋ ಹಾಕಿ ಕೊಟ್ಟೆ. ಆದರೆ ಕೊಡುವಾಗ ಮನಸ್ಸು ಅಳುಕಿತು. ಇಂಥದೇ ಲೆಕ್ಕವನ್ನು ಹಿಂದೊಮ್ಮೆ ಹಾಕಿ ಕೊಟ್ಟು, ಒಂದು ಮನೆಗೆ ನಷ್ಟವನ್ನುಂಟುಮಾಡಿದವನು ನಾನು.

ಅದು 2003ರ ಬೇಸಿಗೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ವರ್ಷ ಡೋಣಿ ಬೆಳೆಯಲಿಲ್ಲ. ಜೋಳವಿಲ್ಲದ ಮೇಲೆ ಕಣಿಕೆ ಎಲ್ಲಿಂದ ಬರಬೇಕು? ನನ್ನ ತರಗತಿಯ ಹುಡುಗನೊಬ್ಬನ ತಂದೆಗೆ ನಲವತ್ತು ಕುರಿಗಳಿದ್ದವು. ಮನೆಯಲ್ಲಿ ವೃದ್ಧ ತಾಯಿ ಹಾಸಿಗೆ ಹಿಡಿದಿದ್ದರಿಂದ ಆತ ಆ ವರ್ಷ ಕುರಿಗಳನ್ನು ಹೊಡೆದುಕೊಂಡು ನೀರಾವರಿಯ ಕಡೆಗೆ ಹೋಗುವಂತಿರಲಿಲ್ಲ. ಮಳೆ ಬೀಳುವವರೆಗೆ ಎರಡು ತಿಂಗಳು ದೊಡ್ಡಿಯಲ್ಲಿಯೇ ಮೇವು ಹಾಕಿ ಉಳಿಸಿಕೊಳ್ಳಬೇಕು, ಎಷ್ಟು ಕಣಿಕೆ ಕೊಳ್ಳಲಿ ಎಂದು ಕೇಳಲು ನನ್ನ ಬಳಿಗೆ ಬಂದ.

ಪುಸ್ತಕದಲ್ಲಿ ಓದಿದ್ದ ಸೂತ್ರ ನನಗೆ ಬಾಯಿಪಾಠವಾಗಿತ್ತು. ಕುರಿ ತನ್ನ ದೇಹತೂಕದ ನೂರಕ್ಕೆ ಸುಮಾರು ಮೂರು ಭಾಗದಷ್ಟು ಒಣ ಪದಾರ್ಥವನ್ನು, ಅಂದರೆ ನೀರಿನಂಶ ಕಳೆದ ಮೇವನ್ನು, ದಿನಕ್ಕೆ ತಿನ್ನುತ್ತದೆ. ತಲಾ 25 ಕಿಲೋದಂತೆ ನಲವತ್ತು ಕುರಿಗೆ 1,000 ಕಿಲೋ. ದಿನಕ್ಕೆ 30 ಕಿಲೋ. ಒಣಗಿದ ಕಣಿಕೆಯಲ್ಲಿಯೂ ನೂರಕ್ಕೆ ಹತ್ತರಷ್ಟು ನೀರಿರುವುದರಿಂದ 33 ಕಿಲೋ ಕಣಿಕೆ. ಅರವತ್ತು ದಿನಕ್ಕೆ 20 ಕ್ವಿಂಟಲ್. ಆತ ಸಾಲ ಮಾಡಿ ಅಷ್ಟನ್ನೇ ಕೊಂಡ.

ಕುರಿಗಳು ಗರಿಗಳನ್ನೂ ಎಳೆಯ ತುದಿಗಳನ್ನೂ ತಿಂದು, ದಪ್ಪ ದಂಟನ್ನು ಕಾಲಡಿಗೆ ಹಾಕಿ ತುಳಿದವು. ಹಾಕಿದ್ದರಲ್ಲಿ ಮೂರನೆಯ ಒಂದು ಪಾಲು ಹಾಗೆಯೇ ಉಳಿಯುತ್ತಿತ್ತು. ಕುರಿಗಳ ಹೊಟ್ಟೆ ಒಳಸೇರುತ್ತಿರುವುದನ್ನು ಕಂಡು ಆತ 33 ಕಿಲೋದ ಬದಲು 50 ಕಿಲೋ ಹಾಕತೊಡಗಿದ. ಮಳೆಗೆ ಇನ್ನೂ ಮೂರು ವಾರವಿರುವಾಗಲೇ ಬಣವೆ ಬರಿದಾಯಿತು. ಆರು ಕುರಿಗಳನ್ನು ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬಂದು ಆತ ನನ್ನೊಡನೆ ಆಡಿದ ಮಾತಿನಲ್ಲಿ ಸಿಟ್ಟು ಇರಲಿಲ್ಲ. "ಸರ, ನಿಮ್ಮ ಲೆಕ್ಕ ಬರೋಬ್ಬರಿ ಐತ್ರಿ. ಕುರಿ ಸಾಲಿ ಕಲಿತಿಲ್ಲ, ಅಷ್ಟ."

ಆ ಮಾತನ್ನು ಬಹಳ ದಿನ ವಿನೋದವೆಂದೇ ಭಾವಿಸಿದ್ದೆ. ಆಮೇಲೆ ತಿಳಿಯಿತು, ಸಾಲಿ ಕಲಿಯಬೇಕಾದವನು ನಾನೇ.

ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ಒಂದು ನಿಯಮವನ್ನು ತೋರಿಸಿಕೊಟ್ಟ. ಪ್ರಾಣಿಯ ದೇಹಕ್ಕೆ ಬೇಕಾಗುವ ಶಕ್ತಿ ಅದರ ತೂಕದಷ್ಟೇ ವೇಗದಲ್ಲಿ ಏರುವುದಿಲ್ಲ. ತೂಕದ ಮುಕ್ಕಾಲು ಘಾತದಂತೆ ಏರುತ್ತದೆ. ನನ್ನ ವಿದ್ಯಾರ್ಥಿಗಳು ಗಾಬರಿಯಾಗಬೇಕಿಲ್ಲ: ತೂಕದ ವರ್ಗಮೂಲವನ್ನು ಕಂಡು, ಅದರ ವರ್ಗಮೂಲವನ್ನು ಮತ್ತೊಮ್ಮೆ ಕಂಡು, ಬಂದದ್ದರ ಘನವನ್ನು ತೆಗೆಯಿರಿ. 25 ಕಿಲೋದ ಕುರಿಗೆ ಸುಮಾರು 11 ಬರುತ್ತದೆ. 250 ಕಿಲೋದ ಆಕಳಿಗೆ 63. ತೂಕದಲ್ಲಿ ಹತ್ತು ಕುರಿ ಒಂದು ಆಕಳಿಗೆ ಸಮ. ಹಸಿವಿನಲ್ಲಾದರೋ ಆರು ಕುರಿಯೂ ಬೇಡ, ಒಂದು ಆಕಳಿಗೆ ಸಮನಾಗುತ್ತವೆ!

ಇನ್ನೊಂದು ಸೂಕ್ಷ್ಮವಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಗಾತ್ರ ತೂಕದ ಅನುಪಾತದಲ್ಲಿಯೇ ಇರುತ್ತದೆ. ಚಿಕ್ಕ ಪ್ರಾಣಿಗೆ ಕಿಲೋವೊಂದಕ್ಕೆ ಹಸಿವು ಹೆಚ್ಚು, ಆದರೆ ಹೊಟ್ಟೆಯಲ್ಲಿ ಜಾಗ ಹೆಚ್ಚಿಲ್ಲ. ನಿಧಾನವಾಗಿ ಜೀರ್ಣವಾಗುವ ಒರಟು ದಂಟಿನಿಂದ ಹೊಟ್ಟೆ ತುಂಬಿಸಿಕೊಂಡರೆ ಅದು ಬದುಕದು. ಆದ್ದರಿಂದಲೇ ಕುರಿ, ಅದಕ್ಕಿಂತಲೂ ಹೆಚ್ಚಾಗಿ ಆಡು, ಎಲೆಯನ್ನು ಆರಿಸಿ ತಿನ್ನುತ್ತದೆ. ನಾವು ಇದನ್ನು ಚೇಷ್ಟೆ ಎನ್ನುತ್ತೇವೆ. ಅದು ಆ ಜೀವದ ವಿವೇಕ. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ನಿಜ. ಆದರೆ ಮುಟ್ಟಿದ್ದೆಲ್ಲವನ್ನೂ ಆಡು ತಿನ್ನುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ಸೂತ್ರಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಅಮೆರಿಕೆಯ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ, ನಮ್ಮ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2013ರಲ್ಲಿ ಕುರಿ-ಆಡುಗಳ ಪೋಷಣೆಯ ಪ್ರಮಾಣಗಳನ್ನು ಪ್ರಕಟಿಸಿವೆ. ತೂಕ, ಬೆಳವಣಿಗೆ, ಗಬ್ಬ, ಹಾಲು, ಇವುಗಳಿಗೆ ತಕ್ಕಂತೆ ಅಗತ್ಯ ಬದಲಾಗುತ್ತದೆ. ಮರಿಗೆ ಹಾಲುಣಿಸುವ ಕುರಿ ಬಹಳ ಹೆಚ್ಚು ತಿನ್ನುತ್ತದೆ. ತುಂಬುಗಬ್ಬದ ಕೊನೆಯ ವಾರಗಳಲ್ಲಿ ಅಗತ್ಯ ಹೆಚ್ಚಿದರೂ ಒಳಗಿನ ಮರಿ ಹೊಟ್ಟೆಯನ್ನು ಒತ್ತುವುದರಿಂದ ತಿನ್ನಲಾಗುವುದಿಲ್ಲ. ನೀರು ಕಡಿಮೆಯಾದರೆ ಮೇವೂ ಕಡಿಮೆಯಾಗುತ್ತದೆ. ಮೇವು ಒರಟಾದಷ್ಟೂ ತಿನ್ನುವುದು ಕುಗ್ಗುತ್ತದೆ. ಸೂತ್ರವು ನಮಗೆ ಆರಂಭದ ಅಂದಾಜನ್ನು ಕೊಡುತ್ತದೆ. ಕೊನೆಯ ಉತ್ತರ ಗ್ವಾದಲಿಯಲ್ಲಿ ಉಳಿದ ಕಡ್ಡಿಯಲ್ಲಿರುತ್ತದೆ.

ನನ್ನ ಅಭಿಪ್ರಾಯವಿಷ್ಟು. ಕುರಿ-ಆಡು ಸಾಕುವವರು ಮೇವಿನ ದಾಸ್ತಾನು ಮಾಡುವ ಮೊದಲು ಒಂದು ವಾರ ತಕ್ಕಡಿ ಹಿಡಿಯಬೇಕು. ಬೆಳಿಗ್ಗೆ ಹಾಕಿದ್ದನ್ನು ತೂಗಿರಿ. ಮರುದಿನ ಉಳಿದದ್ದನ್ನು ಗುಡಿಸಿ ತೂಗಿರಿ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಬರುವುದೇ ನಿಜವಾದ ತಿನ್ನುವ ಪ್ರಮಾಣ. ಕೊಳ್ಳುವಾಗ ಮಾತ್ರ ಹಾಕಿದ್ದರ ಲೆಕ್ಕದಲ್ಲಿ ಕೊಳ್ಳಬೇಕು, ತಿಂದದ್ದರ ಲೆಕ್ಕದಲ್ಲಲ್ಲ. ಕಣಿಕೆಯನ್ನು ಕತ್ತರಿಸಿ ಹಾಕಿದರೆ ಆರಿಸುವುದು ಕಡಿಮೆಯಾಗುತ್ತದೆ. ಉಳಿದ ದಂಟನ್ನು ಎತ್ತಿಗೋ ಎಮ್ಮೆಗೋ ಹಾಕಿರಿ. ಅವುಗಳ ದೊಡ್ಡ ಹೊಟ್ಟೆ ಅದನ್ನು ಅರಗಿಸಬಲ್ಲದು.

ಬರಗಾಲದಲ್ಲಿ ಮೇವಿನ ಯೋಜನೆ ಮಾಡುವವರಿಗೂ ಇದೇ ಮಾತು. ಜಾನುವಾರು ಎಣಿಕೆಯಲ್ಲಿ ಹತ್ತು ಕುರಿಯನ್ನು 250 ಕಿಲೋದ ಒಂದು ದನಕ್ಕೆ ಸಮವೆಂದು ಹಿಡಿಯುವ ಅಳತೆ ಬಳಕೆಯಲ್ಲಿದೆ. ಎಣಿಸಲು ಅದು ಸುಲಭ. ಮೇವು ಹಂಚಲು ಅನ್ಯಾಯ. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ಸುಮಾರು 1.11 ಕೋಟಿ ಕುರಿಗಳೂ 60 ಲಕ್ಷಕ್ಕೂ ಮಿಕ್ಕಿ ಆಡುಗಳೂ ಇವೆ. ಇವುಗಳಲ್ಲಿ ಬಹುಪಾಲು ಹೊಲವಿಲ್ಲದವರ, ತುಂಡು ಹೊಲದವರ ಮನೆಯ ಆಸ್ತಿ. ಲೆಕ್ಕದಲ್ಲಿನ ಸಣ್ಣ ತಪ್ಪಿಗೆ ಅವರು ಕುರಿಗಳನ್ನೇ ಮಾರಿ ಬೆಲೆ ತೆರಬೇಕಾಗುತ್ತದೆ.

ಐವತ್ತು ಆಡಿನ ಶಿಷ್ಯನಿಗೆ ಕೊಟ್ಟ ಲೆಕ್ಕ ಹೀಗಿದೆ: ತಲಾ 30 ಕಿಲೋದ ಆಡಿಗೆ ನೂರಕ್ಕೆ ಮೂರೂವರೆಯಂತೆ ದಿನಕ್ಕೆ ಸುಮಾರು 53 ಕಿಲೋ ಒಣ ಪದಾರ್ಥ. ಅರ್ಧವನ್ನು ಹಸಿ ಮೇವಿನಿಂದ ಕೊಡುವುದಾದರೆ, ಅದರಲ್ಲಿ ನೂರಕ್ಕೆ ಎಂಬತ್ತು ನೀರೇ ಇರುವುದರಿಂದ, 130 ಕಿಲೋಗಿಂತ ತುಸು ಹೆಚ್ಚು ಹಸಿ ಮೇವು. ಉಳಿದರ್ಧಕ್ಕೆ 29 ಕಿಲೋ ಹೊಟ್ಟು. ಇದು ಹೊಟ್ಟೆಗೆ ಹೋಗಬೇಕಾದದ್ದು; ಹಾಕುವುದು ಇದಕ್ಕಿಂತ ಹೆಚ್ಚಿರಬೇಕು. ಎಷ್ಟು ಹೆಚ್ಚು ಎಂಬುದನ್ನು ನಾನು ಹೇಳಲಿಲ್ಲ. ಮೊದಲು ಐದು ಆಡು ತಂದು, ಒಂದು ವಾರ ತೂಗಿ ನನಗೆ ತಿಳಿಸು ಎಂದಿದ್ದೇನೆ.

ನಿಮ್ಮಲ್ಲಿಯೂ ಕುರಿ-ಆಡು ಸಾಕಿದವರು ಇದ್ದೀರಿ. ನಿಮ್ಮ ತಕ್ಕಡಿ ಏನು ಹೇಳುತ್ತದೆ ಎಂಬುದನ್ನು ನನಗೂ ಬರೆದು ತಿಳಿಸಿದರೆ ಸಂತೋಷವಾಗುತ್ತದೆ.