ಯಂತ್ರ ಕೊಟ್ಟಿರಿ, ಕರೆಯುವುದನ್ನು ಕಲಿಸುವವರು ಯಾರು?



ದೇಶದ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ 364 ಕೋಟಿ ರೂಪಾಯಿ ವೆಚ್ಚದಲ್ಲಿ ಉಪಗ್ರಹ ಸಂಪರ್ಕದ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಯನ್ನು ಸರ್ಕಾರ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಬೇಡ ಎನ್ನುವವನು ನಾನಲ್ಲ. ಆದರೆ ಯಂತ್ರ ಕೂರಿಸಿ ಫೋಟೊ ತೆಗೆಸಿಕೊಂಡಲ್ಲಿಗೆ ಕೆಲಸ ಮುಗಿಯಿತೇ?

ಈಗಾಗಲೇ ಇರುವ ವೈರ್‌ಲೆಸ್ಸನ್ನೇ ನೋಡಿ. ನಮ್ಮ ತದಡಿ ಬಂದರಿನ ಬೋಟುಗಳಲ್ಲಿ ಅದೆಂದರೆ ಎಲ್ಲಿ ಮೀನು ಬಿತ್ತು, ಯಾರ ಬಲೆ ಹರಿಯಿತು ಎಂದು ಕೇಳುವ ಸಾಧನ. ಅದೂ ಬೇಕು ಬಿಡಿ. ಆಪತ್ತಿನಲ್ಲಿ ಅದರಲ್ಲಿ ಹೇಗೆ ಕರೆಯಬೇಕೆಂಬುದು ಬೋಟು ನಡೆಸುವ ತಾಂಡೇಲನಿಗೆ ಗೊತ್ತಿದ್ದೀತು. ಮೊದಲು ನೀರಿಗೆ ಬಿದ್ದವನು ತಾಂಡೇಲನೇ ಆದರೆ? ಅಡುಗೆಯ ಹುಡುಗನಿಗೂ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಖಲಾಸಿಗೂ ಅದು ಬಾಯಿಪಾಠವಾಗಿರಬೇಕು. ಕಲಿಯುವುದಕ್ಕೆ ಇರುವುದೂ ಅಷ್ಟೇ: ವಿಎಚ್‌ಎಫ್ 16ನೇ ಚಾನೆಲ್‌ಗೆ ಬಂದು ಮೂರು ಸಲ 'ಮೇಡೇ' ಎನ್ನಬೇಕು, ಬೋಟಿನ ಹೆಸರನ್ನು ಮೂರು ಸಲ ಹೇಳಬೇಕು, ಜಿಪಿಎಸ್ ತೋರಿಸುವ ಜಾಗ, ಆಗಿರುವ ಅನಾಹುತ, ಬೋಟಿನಲ್ಲಿರುವ ಜನ ಎಷ್ಟೆಂದು ತಿಳಿಸಬೇಕು. ಆಮೇಲೆ ಗುಂಡಿ ಬಿಟ್ಟು ಕಿವಿಗೊಡಬೇಕು. ಗಾಬರಿಯಲ್ಲಿ ಗುಂಡಿ ಒತ್ತಿಯೇ ಹಿಡಿದರೆ ಉತ್ತರ ಬಂದರೂ ಕೇಳಿಸದು.

ಇನ್ನೊಂದು ವಿಷಯ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಭೂಮಿಯ ಬಾಗಿನಾಚೆಗೆ ಹೆಚ್ಚು ದಾಟದು. ತಗ್ಗಿನ ಆಂಟೆನಾದ ಬೋಟಿನ ಕರೆ ದಡಕ್ಕೆ ಮುಟ್ಟದಿದ್ದರೂ ಹತ್ತಿರದ ಬೋಟಿಗೆ ಮುಟ್ಟೀತು. ಕೇಳಿಸಿಕೊಂಡವರು ಅದನ್ನು ಮುಂದಕ್ಕೆ ದಾಟಿಸಬೇಕು. ಇದನ್ನು ಹೇಳಿಕೊಟ್ಟವರು ಯಾರು? ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಿ ಎನ್ನುತ್ತಾರೆ. ಟವರ್ ಸಿಗುವಷ್ಟು ದೂರ ಮಾತ್ರ ಆ ಮಾತು.

'ಸುವರ್ಣ ತ್ರಿಭುಜ' ಬೋಟನ್ನು ಈ ತೀರ ಮರೆತಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಅದರ ಸಂಪರ್ಕ 15ರ ರಾತ್ರಿ ಕಡಿದುಹೋಯಿತು. ಇದ್ದ ಏಳು ಮಂದಿಯಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಮಾಲ್ವಣದಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಮನೆಗಳವರಿಗೆ ಅಳುವುದೋ ಕಾಯುವುದೋ ತಿಳಿಯಲಿಲ್ಲ. ಆ ರಾತ್ರಿ ವೈರ್‌ಲೆಸ್ ಅವರನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ. ಆದರೆ ಒಂದು ಕರೆ ಮುಟ್ಟಿದ್ದರೆ ಹುಡುಕುವವರಿಗೆ ಜಾಗವಾದರೂ ಗೊತ್ತಾಗುತ್ತಿತ್ತು.

ಜೂನ್, ಜುಲೈಯ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲೇ ಇರುತ್ತವೆ. ಆ ಬಿಡುವಿನಲ್ಲಿ ತದಡಿ, ಹೊನ್ನಾವರ, ಭಟ್ಕಳ ಬಂದರುಗಳಲ್ಲಿ ಮೀನುಗಾರಿಕೆ ಇಲಾಖೆ ಕನ್ನಡದಲ್ಲೂ ಕೊಂಕಣಿಯಲ್ಲೂ, ಹೊರಗಿನಿಂದ ಬಂದ ಖಲಾಸಿಗಳಿಗೆ ತಿಳಿಯುವ ಭಾಷೆಯಲ್ಲೂ ತರಬೇತಿ ನಡೆಸಲಿ, ಪ್ರತಿ ಖಲಾಸಿಯ ಕೈಗೂ ಮೈಕ್ ಕೊಟ್ಟು ಕರೆಯಿಸಿ ನೋಡಲಿ. ಮಳೆಗಾಲದಲ್ಲೂ ಅಳಿವೆ ದಾಟುವ ನಾಡದೋಣಿಯವರನ್ನು ಬಿಡಬಾರದು. ಜತೆಗೆ, ರಾತ್ರಿ ಎರಡು ಗಂಟೆಗೆ ಅಘನಾಶಿನಿ ಅಳಿವೆಯಾಚೆಯಿಂದ 16ನೇ ಚಾನೆಲ್‌ನಲ್ಲಿ ಕರೆದರೆ ದಡದಲ್ಲಿ ಓಗೊಡುವ ಠಾಣೆ ಯಾವುದು ಎಂಬುದನ್ನು ಜಿಲ್ಲಾಡಳಿತ ಬರುವ ಹಂಗಾಮಿಗೆ ಮೊದಲೇ ಪ್ರಕಟಿಸಲಿ.

— ಮೀನುಗಾರ ಕುಟುಂಬದ ಓದುಗ, ಅಘನಾಶಿನಿ, ಕುಮಟಾ ತಾಲ್ಲೂಕು